ಮಗುವಿಗೊಂದು ಕೀಲುಕುದುರೆ: ಬಾಯಿ ತೆರೆದು ತಲೆಯಾಡಿಸುವ ವೇಷವನ್ನು ಮನೆಯಲ್ಲಿಯೇ ನಿರ್ಮಿಸುವ ಕ್ರಮ

ಶಾಲೆಯ ವಾರ್ಷಿಕೋತ್ಸವಕ್ಕೋ, ರಾಜ್ಯೋತ್ಸವದ ಸಮಾರಂಭಕ್ಕೋ, ಗೋಕುಲಾಷ್ಟಮಿಯ ಛದ್ಮವೇಷ ಸ್ಪರ್ಧೆಗೋ ಮಗುವಿನ ಹೆಸರನ್ನು ಬರೆಯಿಸಿ ಬಂದ ದಿನದಿಂದ ಮುಂಬಯಿಯ ಕಾಂದಿವಲಿಯ ಕನ್ನಡ, ತುಳು ಮನೆಗಳಲ್ಲಿ ಆರಂಭವಾಗುವ ಚಿಂತೆ ಬಹುತೇಕ ಒಂದೇ ಬಗೆಯದು. ಬಾಡಿಗೆಯ ಅಂಗಡಿಯಲ್ಲಿ ದೊರೆಯುವ ಸಿಂಹ, ಕರಡಿ, ಡೈನೊಸಾರುಗಳ ವೇಷಗಳು ಪಾಲಿಯೆಸ್ಟರಿನ ತುಪ್ಪಟದಿಂದ ಹೊಲಿದವಾದುದರಿಂದ ಮುಂಬಯಿಯ ಬೆವರಿಳಿಸುವ ಸೆಕೆಯಲ್ಲಿ ಮಗುವನ್ನು ಬೇಯಿಸುತ್ತವೆ. ಮುಖವಾಡದ ಕಣ್ಣಿನ ರಂಧ್ರ ಮಗುವಿನ ಕಣ್ಣಿಗೆ ಸರಿಯಾಗಿ ಕೂಡುವುದಿಲ್ಲ. ಇವೆಲ್ಲಕ್ಕಿಂತ ಮಿಗಿಲಾಗಿ ಆ ವೇಷಗಳಲ್ಲಿ ಚಲನೆಯೆಂಬುದಿಲ್ಲ. ಮಗು ಬಯಸುವುದಾದರೋ ಚಲನೆಯನ್ನೇ. ಪ್ರಾಣಿ ಬಾಯಿ ತೆರೆಯಬೇಕು, ಕತ್ತು ಕೊಂಕಿಸಬೇಕು, ಬಾಲ ಬೀಸಬೇಕು. ಈ ಬಯಕೆಯನ್ನು ಕೇಳಿದೊಡನೆ ತಂದೆತಾಯಂದಿರ ಮನಸ್ಸು ಮೋಟಾರು, ಬ್ಯಾಟರಿ, ವಿದ್ಯುತ್ ತಂತಿಗಳ ಕಡೆಗೆ ಹರಿದು, ಅದು ತಮ್ಮಿಂದಾಗದ ಕೆಲಸವೆಂದು ಹಿಮ್ಮೆಟ್ಟುತ್ತದೆ.

ಹಿಮ್ಮೆಟ್ಟುವ ಅಗತ್ಯವಿಲ್ಲ. ಮಗುವಿನ ವೇಷಕ್ಕೆ ಮೋಟಾರಿನ ಆವಶ್ಯಕತೆ ಎಷ್ಟು ಮಾತ್ರವೂ ಇಲ್ಲ. ಮಗುವಿನ ಬೆರಳು, ಮೊಣಕೈ, ನಡಿಗೆ ಇವುಗಳಲ್ಲಿ ಸಹಜವಾಗಿಯೇ ಇರುವ ಬಲವನ್ನು ಒಂದು ಕೀಲು, ಒಂದು ದಾರ, ಒಂದು ರಬ್ಬರು ಪಟ್ಟಿಯ ಮೂಲಕ ಪ್ರಾಣಿಯ ಅವಯವಕ್ಕೆ ಮುಟ್ಟಿಸಿದರೆ ಸಾಕು. ಮೋಟಾರು ತಾನೊಂದು ಗತಿಯಲ್ಲಿ ತಿರುಗುತ್ತದೆ, ಮಗು ಬೇರೊಂದು ಗತಿಯಲ್ಲಿ ನಡೆಯುತ್ತದೆ; ಎರಡೂ ಕೂಡದೆ ವೇಷ ನಿರ್ಜೀವವಾಗಿ ತೋರುತ್ತದೆ. ಮಗುವೇ ಎಳೆದು, ಮಗುವೇ ಸಡಿಲಿಸಿ ಆಡಿಸುವ ದವಡೆಯಾದರೋ ಮಗುವಿನ ಉತ್ಸಾಹವನ್ನು ಕ್ಷಣಕ್ಷಣಕ್ಕೂ ಅನುಸರಿಸುತ್ತದೆ.

ಇದಕ್ಕೆ ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾದುದಿಲ್ಲ. ನಡುವಿಗೆ ಕುದುರೆಯ ಹಂದರವನ್ನು ಕಟ್ಟಿಕೊಂಡು, ತನ್ನ ಕಾಲುಗಳನ್ನೇ ಕುದುರೆಯ ಕಾಲುಗಳನ್ನಾಗಿ ಮಾಡಿ ಕುಣಿಯುವ ಕೀಲುಕುದುರೆ ಕರ್ನಾಟಕದ ಜಾತ್ರೆ, ಮೆರವಣಿಗೆಗಳಲ್ಲಿ ಬಹುಕಾಲದಿಂದ ನಡೆದುಬಂದ ಜನಪದ ಕಲೆ. ರಾಜ, ರಾಣಿಯರ ವೇಷ ತೊಟ್ಟ ಜೋಡಿ ಇದನ್ನು ಕುಣಿಯುವುದು ವಾಡಿಕೆ. ತಮಿಳುನಾಡಿನ ಪೊಯ್‌ಕ್ಕಾಲ್ ಕುದುರೆ, ರಾಜಸ್ಥಾನದ ಕಚ್ಛೀ ಘೋಡಿ ಇದರ ಸೋದರ ಕಲೆಗಳು. ಗುಜರಾತಿ, ಮಾರವಾಡಿ ನೆರೆಹೊರೆಯವರು ಧಾರಾಳವಾಗಿರುವ ಕಾಂದಿವಲಿಯಲ್ಲಿ ಈ ವೇಷ ವೇದಿಕೆಗೆ ಬಂದರೆ ಪರಭಾಷೆಯ ಪ್ರೇಕ್ಷಕರೂ ಅದನ್ನು ಗುರುತಿಸಿ ಸಂತೋಷಪಡುವರೆಂಬುದು ಸಣ್ಣ ಲಾಭವಲ್ಲ. ಯಂತ್ರಚಾಲಿತ ಪ್ರಾಣಿಯ ಕಲ್ಪನೆಯಂತೂ ನಮ್ಮಲ್ಲಿ ಅತಿ ಪ್ರಾಚೀನವಾದುದು: ಹನ್ನೊಂದನೆಯ ಶತಮಾನದ ಭೋಜರಾಜನ ‘ಸಮರಾಂಗಣ ಸೂತ್ರಧಾರ’ದಲ್ಲಿ ಯಂತ್ರಗಳಿಗೆಂದೇ ಒಂದು ಅಧ್ಯಾಯವಿದೆ, ಪಂಚತಂತ್ರದ ಒಂದು ಕಥೆಯಲ್ಲಿ ನೇಕಾರನೊಬ್ಬನು ತನ್ನ ಗೆಳೆಯ ಬಡಗಿ ಮಾಡಿಕೊಟ್ಟ ಮರದ ಗರುಡನನ್ನೇರಿ ವಿಷ್ಣುವಿನ ವೇಷದಲ್ಲಿ ಹಾರುತ್ತಾನೆ. ಪೀಠಿಕೆಗೆ ಇಷ್ಟು ಸಾಕು.

ನಾನು ಸಿಂಹ, ಆನೆಗಳನ್ನು ಬಿಟ್ಟು ಕುದುರೆಯನ್ನೇ ಶಿಫಾರಸು ಮಾಡುವುದಕ್ಕೆ ಮುಖ್ಯ ಕಾರಣ ಮಗುವಿನ ಮುಖ. ಕೀಲುಕುದುರೆಯಲ್ಲಿ ಪ್ರಾಣಿ ಮಗುವಿನ ನಡುವಿನಿಂದ ಕೆಳಗೆ ಇರುತ್ತದೆ. ಕಣ್ಣು, ಮೂಗು, ಕಿವಿ ಇವೆಲ್ಲ ಮುಕ್ತವಾಗಿರುತ್ತವೆ. ಉಸಿರಾಟಕ್ಕೆ ತಡೆಯಿಲ್ಲ, ವೇದಿಕೆಯ ಅಂಚು ಮಗುವಿಗೆ ಕಾಣಿಸುತ್ತದೆ, ತಾಯಿ ಮೆಲ್ಲನೆ ಕರೆದರೂ ಕೇಳಿಸುತ್ತದೆ. ಎರಡನೆಯ ಕಾರಣವೇನೆಂದರೆ ಕುದುರೆಗೆ ಲಗಾಮುಂಟು. ದಾರವನ್ನು ಎಲ್ಲಿ ಅಡಗಿಸಬೇಕೆಂಬ ತೊಡಕಿಗೆ ಕುದುರೆ ತಾನೇ ಉತ್ತರ ಹೇಳುತ್ತದೆ: ಸವಾರನು ಲಗಾಮನ್ನು ಎಳೆಯುವುದು ಸಹಜವಾದುದರಿಂದ ಯಂತ್ರವನ್ನಾಡಿಸುವ ದಾರವನ್ನು ಮಗು ಎಲ್ಲರೆದುರಿಗೆ ಹಿಡಿದುಕೊಂಡಿದ್ದರೂ ಅದು ಯಂತ್ರವೆಂದು ಯಾರಿಗೂ ತೋರುವುದಿಲ್ಲ.

ಮೊದಲು ತಿಳಿಯತಕ್ಕ ಮೂರು ತತ್ತ್ವಗಳು

ಸನ್ನೆಯ ತತ್ತ್ವ ಮೊದಲನೆಯದು. ಕುದುರೆಯ ಕೆಳದವಡೆ ಒಂದು ಕೀಲಿನ ಸುತ್ತ ತಿರುಗುವ ಸನ್ನೆ. ಕೀಲಿನಿಂದ ದವಡೆಯ ತುದಿ 15 ಸೆಂ.ಮೀ. ದೂರದಲ್ಲಿದ್ದು, ದಾರವನ್ನು ಕಟ್ಟಿದ ಬಿಂದು ಕೀಲಿನಿಂದ 3 ಸೆಂ.ಮೀ. ದೂರದಲ್ಲಿದ್ದರೆ, ಮಗು ದಾರವನ್ನು 2 ಸೆಂ.ಮೀ. ಎಳೆದಾಗ ದವಡೆಯ ತುದಿ ಸುಮಾರು 10 ಸೆಂ.ಮೀ. ಚಲಿಸುತ್ತದೆ. ಅಲ್ಪ ಎಳೆತಕ್ಕೆ ದೊಡ್ಡ ಬಾಯಿ! ಆದರೆ ಚಲನೆ ಐದು ಪಾಲು ಹೆಚ್ಚಿದಾಗ ಬೇಕಾಗುವ ಬಲವೂ ಐದು ಪಾಲು ಹೆಚ್ಚುತ್ತದೆ. ಆದುದರಿಂದ ದವಡೆ ಅತ್ಯಂತ ಹಗುರವಾಗಿರಬೇಕು. ಮಗುವಿನ ಬೆರಳು ನೋಯುತ್ತದೆಯೆಂದು ತೋರಿದರೆ ದಾರವನ್ನು ಕೀಲಿನಿಂದ 4 ಅಥವಾ 5 ಸೆಂ.ಮೀ. ದೂರಕ್ಕೆ ಸರಿಸಿರಿ, ಬಾಯಿ ತುಸು ಕಡಿಮೆ ತೆರೆಯುತ್ತದೆ, ಎಳೆತ ಹಗುರವಾಗುತ್ತದೆ. ಈ ಎರಡರ ಮಧ್ಯೆ ನಿಮ್ಮ ಮಗುವಿಗೆ ಒಪ್ಪುವ ಸ್ಥಾನವನ್ನು ಕಂಡುಹಿಡಿಯುವುದೇ ಈ ಕೆಲಸದ ಮರ್ಮ.

ಎರಡನೆಯದು, ದಾರಕ್ಕೆ ಎಳೆಯುವ ಶಕ್ತಿಯುಂಟು, ತಳ್ಳುವ ಶಕ್ತಿಯಿಲ್ಲ. ಎಳೆದು ತೆರೆದ ಬಾಯಿಯನ್ನು ಮುಚ್ಚಲು ಮತ್ತೊಂದು ಬಲ ಬೇಕು, ಅದನ್ನು ರಬ್ಬರು ಪಟ್ಟಿ ಒದಗಿಸುತ್ತದೆ. ರಬ್ಬರು ಬಾಯಿಯನ್ನು ಮುಚ್ಚಬೇಕು, ದಾರ ತೆರೆಯಬೇಕು. ಇದಕ್ಕೆ ವಿಪರೀತವಾಗಿ ಮಾಡಬಾರದು. ಏಕೆಂದರೆ ಸ್ಪರ್ಧೆಯ ನಡುವೆ ದಾರ ಹರಿದುಹೋದರೂ ಬಾಯಿ ಮುಚ್ಚಿಯೇ ಇದ್ದು ಕುದುರೆ ಕುದುರೆಯಾಗಿಯೇ ಉಳಿಯುತ್ತದೆ. ಬಾಯಿ ತೆರೆದು ಜೋತುಬಿದ್ದರೆ ಮಗು ಅಳುತ್ತದೆ.

ಮೂರನೆಯದು ತೂಕ ಮತ್ತು ಸಮತೋಲ. 2020ರ ಶಾಲಾ ಚೀಲ ನೀತಿಯು ಮಗುವಿನ ಚೀಲದ ತೂಕ ದೇಹದ ತೂಕದ ಹತ್ತನೆಯ ಒಂದು ಪಾಲನ್ನು ಮೀರಬಾರದೆಂದು ಸೂಚಿಸುತ್ತದೆ. ಚೀಲ ಬೆನ್ನಿಗೆ ಅಂಟಿಕೊಂಡು ನಿಶ್ಚಲವಾಗಿರುತ್ತದೆ. ವೇಷವಾದರೋ ತೂಗಾಡುತ್ತದೆ, ಮಗುವೂ ಕುಣಿಯುತ್ತದೆ. ಆದುದರಿಂದ ಆ ಪಾಲಿನ ಅರ್ಧವನ್ನು ಮಿತಿಯಾಗಿ ಇಟ್ಟುಕೊಳ್ಳುವುದು ವಿವೇಕ: 20ರಿಂದ 22 ಕಿ.ಗ್ರಾಂ. ತೂಗುವ ಮಗುವಿಗೆ ಎಲ್ಲ ಸೇರಿ ಸುಮಾರು 1 ಕಿ.ಗ್ರಾಂ. ಅಡುಗೆಮನೆಯ ತಕ್ಕಡಿಯನ್ನು ಕೆಲಸದ ಸ್ಥಳದಲ್ಲಿಯೇ ಇಟ್ಟುಕೊಂಡು ಪ್ರತಿಯೊಂದು ಭಾಗವನ್ನೂ ತೂಗುತ್ತ ಹೋಗಿರಿ. ಕುದುರೆಯ ತಲೆ ಮುಂದಕ್ಕೆ ಚಾಚಿರುವುದರಿಂದ ಅದರ ಒಂದೊಂದು ಗ್ರಾಮೂ ಮಗುವಿನ ಭುಜವನ್ನು ಮುಂದಕ್ಕೆ ಜಗ್ಗುತ್ತದೆ. ಇದನ್ನು ಸರಿದೂಗಿಸಲು ಹಿಂಭಾಗದಲ್ಲಿ ಕಲ್ಲು, ಕಬ್ಬಿಣ ಕಟ್ಟುವವರುಂಟು, ಅದು ತಪ್ಪು. ಹಿಂಭಾಗವನ್ನು ಮುಂಭಾಗಕ್ಕಿಂತ ತುಸು ಉದ್ದವಾಗಿ ಮಾಡಿದರೆ ಅಲ್ಪ ತೂಕದ ಬಾಲವೇ ದೂರದಲ್ಲಿ ನಿಂತು ತಲೆಯ ತೂಕಕ್ಕೆ ಸಮನಾಗುತ್ತದೆ.

ಸಾಮಗ್ರಿ

ಹಂದರಕ್ಕೆ ಬೆರಳಗಲಕ್ಕಿಂತ ಕಿರಿದಾದ ಬಿದಿರ ದಬ್ಬೆಗಳು ಅಥವಾ ತೆಳುವಾದ ಬೆತ್ತ. ದೀಪಾವಳಿಗೆ ಮೊದಲು ಮಾಹಿಮಿನ ಕಂದೀಲು ಗಲ್ಲಿಯಲ್ಲಿ ಆಕಾಶಕಂದೀಲುಗಳನ್ನು ಕಟ್ಟಲು ಬಳಸುವಂಥ ದಬ್ಬೆ ಈ ಕೆಲಸಕ್ಕೆ ತಕ್ಕದ್ದು. ತಲೆ, ಕುತ್ತಿಗೆಗಳಿಗೆ ಕಿರಾಣಿ ಅಂಗಡಿಯ ಸಾಮಾನಿನ ಪೆಟ್ಟಿಗೆಯ ರಟ್ಟು. ಮೇಲಿನ ಪದರಕ್ಕೆ ಹಳೆಯ ವೃತ್ತಪತ್ರಿಕೆ. ಮನೆಗೆ ‘ಕರ್ನಾಟಕ ಮಲ್ಲ’ ಬರುತ್ತಿದ್ದರೆ ಒಂದು ವಾರದ ಸಂಚಿಕೆಗಳು ಸಾಕು. ಮೈದಾ ಅಂಟು, ಫೆವಿಕಾಲು. ಕೀಲುಗಳಿಗೆ 4 ಮಿ.ಮೀ. ದಪ್ಪದ ಬೋಲ್ಟುಗಳು, ಒಂದೊಂದಕ್ಕೂ ಎರಡೆರಡು ನಟ್ಟು, ನಾಲ್ಕು ನಾಲ್ಕು ವಾಶರು. ಎಳೆಯುವುದಕ್ಕೆ ಗಾರೆಯವರು ಗೋಡೆಯ ನೇರ ನೋಡಲು ಬಳಸುವ ಹೆಣೆದ ನೈಲಾನ್ ದಾರ. ಖಾಲಿಯಾದ ಬಾಲ್‌ಪೆನ್ನಿನ ಹೊರಕೊಳವೆಗಳು. ಹೊಲಿಗೆಯ ಇಲಾಸ್ಟಿಕ್. ಹೊದಿಕೆಗೆ ಹತ್ತಿಯ ಬಟ್ಟೆ. ಜರಿ, ಲೇಸುಗಳಿಗೆ ಭುಲೇಶ್ವರಕ್ಕೆ ಹೋದರೆ ಆಯ್ಕೆ ಹೆಚ್ಚು. ಭುಜದ ಪಟ್ಟಿಗೆ ಮಾತ್ರ ಹೊಸದನ್ನು ಕೊಳ್ಳಬೇಡಿ: ಹಳೆಯ ಶಾಲಾ ಚೀಲದ ಪಟ್ಟಿಗಳಿಗಿಂತ ಉತ್ತಮವಾದುದು ಇನ್ನೊಂದಿಲ್ಲ. ಅವು ಅಗಲವಾಗಿವೆ, ಮೆತ್ತಗಿವೆ, ಬಕ್ಕಲುಗಳಿಂದ ಉದ್ದವನ್ನು ಹೊಂದಿಸಬಹುದು, ಮಗುವಿನ ಭುಜಕ್ಕೆ ಅವುಗಳ ಪರಿಚಯವೂ ಉಂಟು.

ಥರ್ಮೊಕೋಲನ್ನು ತರಬೇಡಿ. ಅಲಂಕಾರದ ಥರ್ಮೊಕೋಲನ್ನು ಮಹಾರಾಷ್ಟ್ರ ಸರಕಾರ 2018ರಲ್ಲಿಯೇ ನಿಷೇಧಿಸಿದೆ. ಅಲ್ಲದೆ ಅದು ಕೀಲಿನ ಬಳಿ ಪುಡಿಪುಡಿಯಾಗುತ್ತದೆ, ಬೆಂಕಿಗೆ ಬೇಗ ಬಲಿಯಾಗುತ್ತದೆ. ಸಂಕ್ರಾಂತಿಯಂದು ಮನೆಯಲ್ಲಿ ಉಳಿದ ಗಾಳಿಪಟದ ಮಾಂಜಾ ದಾರವನ್ನಂತೂ ಮುಟ್ಟಲೇಬಾರದು. ಗಾಜಿನ ಲೇಪವುಳ್ಳ ಆ ದಾರ ಬೆರಳನ್ನು ಕೊಯ್ಯುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2017ರಲ್ಲಿ ದೇಶಾದ್ಯಂತ ನಿಷೇಧಿಸಿತು.

ಅಳತೆಯನ್ನು ಮಗುವಿನಿಂದಲೂ ಬಾಗಿಲಿನಿಂದಲೂ ತೆಗೆದುಕೊಳ್ಳಿ

ಆರೇಳು ವರ್ಷದ, ಸುಮಾರು 120 ಸೆಂ.ಮೀ. ಎತ್ತರದ ಮಗುವಿಗೆ ಕುದುರೆಯ ಒಡಲು 80 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲವಿದ್ದರೆ ಶೋಭಿಸುತ್ತದೆ. ಮಗು ಒಳಸೇರುವ ರಂಧ್ರ 32 ಸೆಂ.ಮೀ. ಉದ್ದ, 28 ಸೆಂ.ಮೀ. ಅಗಲದ ಅಂಡಾಕಾರವಾಗಿರಲಿ, ಮುಂಭಾಗದಲ್ಲಿ 22, ಹಿಂಭಾಗದಲ್ಲಿ 26 ಸೆಂ.ಮೀ. ಉಳಿಯುವಂತೆ ರಂಧ್ರವನ್ನು ತುಸು ಮುಂದಕ್ಕೆ ಇಡಿರಿ. ಇದಕ್ಕಿಂತ ದೊಡ್ಡದು ಮಾಡಬೇಕೆಂಬ ಆಸೆ ಎಲ್ಲರಿಗೂ ಹುಟ್ಟುತ್ತದೆ. ಆ ಆಸೆಗೆ ಮಣಿಯುವ ಮುನ್ನ ಮನೆಯ ಬಾಗಿಲು, ಕಟ್ಟಡದ ಲಿಫ್ಟು, ಠಾಕೂರ್ ವಿಲೇಜಿನಿಂದಲೋ ಚಾರ್‌ಕೋಪಿನಿಂದಲೋ ಸಭಾಗೃಹಕ್ಕೆ ಹೋಗಬೇಕಾದ ಆಟೊರಿಕ್ಷಾ ಇವನ್ನೊಮ್ಮೆ ಅಳೆದು ನೋಡಿರಿ. ಸಂಜೆಯ ಹೊತ್ತಿನ ಲೋಕಲ್ ರೈಲಿನಲ್ಲಿ ಇಂಥ ವಸ್ತುವನ್ನು ಒಯ್ಯುವುದು ಅಸಾಧ್ಯವೆಂದೇ ಭಾವಿಸತಕ್ಕದ್ದು. ಆದಕಾರಣ ಕುದುರೆಯನ್ನು ಒಡಲು, ಕುತ್ತಿಗೆಯೊಡನೆ ತಲೆ, ಬಾಲ ಎಂಬ ಮೂರು ಭಾಗಗಳಾಗಿ ಬಿಚ್ಚಿ ಜೋಡಿಸುವಂತೆ ಆರಂಭದಲ್ಲಿಯೇ ಯೋಜಿಸಬೇಕು. ಮುಗಿದ ಮೇಲೆ ಕತ್ತರಿಸಿ ಭಾಗ ಮಾಡುವುದು ಸಾಧ್ಯವಾಗದು.

ನಿರ್ಮಾಣಕ್ರಮ

1. ದಬ್ಬೆಗಳನ್ನು ಒಂದು ರಾತ್ರಿ ನೀರಿನಲ್ಲಿ ನೆನೆಯಿಸಿ. ಬೆಳಿಗ್ಗೆ ಅವನ್ನು ನಿಧಾನವಾಗಿ ಬಾಗಿಸಿ ಎರಡು ಅಂಡಾಕಾರದ ಬಳೆಗಳನ್ನು ಮಾಡಿ, ಹೊರಗಿನದು ಒಡಲಿಗೆ, ಒಳಗಿನದು ರಂಧ್ರಕ್ಕೆ. ತುದಿಗಳು ಒಂದರ ಮೇಲೊಂದು ಹತ್ತು ಸೆಂ.ಮೀ. ಏರಿ ಕೂತಿರಬೇಕು, ಫೆವಿಕಾಲು ಹಚ್ಚಿ, ದಾರದಿಂದ ಒತ್ತೊತ್ತಾಗಿ ಸುತ್ತಿ ಒಣಗಲು ಬಿಡಿ. ನೆನೆಸದೆ ಬಾಗಿಸಿದ ಬಿದಿರು ಸೀಳುತ್ತದೆ. ಒಣಗುವ ಮುನ್ನ ಬಿಟ್ಟ ಬಿದಿರು ನೇರವಾಗುತ್ತದೆ.

2. ಎರಡು ಬಳೆಗಳನ್ನೂ ಅಡ್ಡದಬ್ಬೆಗಳಿಂದ ಜೋಡಿಸುವಾಗ ಚೌಕಗಳನ್ನು ಮಾಡದೆ ತ್ರಿಕೋನಗಳನ್ನು ಮಾಡಿರಿ. ಚೌಕದ ನಾಲ್ಕು ಬಾಹುಗಳು ಅಷ್ಟೇ ಉದ್ದವಿದ್ದರೂ ಅದು ಓರೆಯಾಗಬಲ್ಲುದು. ತ್ರಿಕೋನದ ಒಂದು ಬಾಹುವಾದರೂ ಮುರಿಯದೆ ಅದರ ಆಕಾರ ಬದಲಾಗದು. ಮೂಲೆಯಿಂದ ಮೂಲೆಗೆ ಒಂದು ಓರೆದಬ್ಬೆ ಕಟ್ಟಿದ ಹಂದರಕ್ಕೂ ಕಟ್ಟದ ಹಂದರಕ್ಕೂ ಇರುವ ವ್ಯತ್ಯಾಸ ಕೈಗೆ ತಕ್ಷಣ ತಿಳಿಯುತ್ತದೆ. ಬಳಿಕ ಮುಂದೆ, ಹಿಂದೆ ಎರಡೆರಡು ಕಮಾನುಗಳನ್ನು ಕಟ್ಟಿ ಬೆನ್ನಿನ ಉಬ್ಬನ್ನು ತಂದುಕೊಳ್ಳಿ. ಹೊಟ್ಟೆಯ ಭಾಗಕ್ಕೆ ಹಂದರ ಬೇಡ. ಬಟ್ಟೆಯ ನೆರಿಗೆ ಅದನ್ನು ಮರೆಮಾಡುತ್ತದೆ.

3. ಭುಜದ ಪಟ್ಟಿಗಳನ್ನು ಒಳಬಳೆಯ ಮುಂದೆ ಎರಡು ಕಡೆ, ಹಿಂದೆ ಎರಡು ಕಡೆ ಕಟ್ಟಿ, ಬೆನ್ನಿನ ಮೇಲೆ ಒಂದನ್ನೊಂದು ಅಡ್ಡ ಹಾಯುವಂತೆ ಮಾಡಿ. ಅಡ್ಡ ಹಾಯ್ದ ಪಟ್ಟಿ ಭುಜದಿಂದ ಜಾರುವುದಿಲ್ಲ. ಒಳಬಳೆಗೆ ಹಳೆಯ ಟವೆಲಿನ ಚೂರನ್ನು ಸುತ್ತಿ ಹೊಲಿಯಿರಿ. ಸೊಂಟದ ಮೂಳೆಗೆ ಬಿದಿರು ತಗುಲಬಾರದು.

4. ತಲೆಗೆ ರಟ್ಟಿನಲ್ಲಿ ಕುದುರೆಯ ಮುಖದ ಪಾರ್ಶ್ವಾಕೃತಿಯನ್ನು 30 ಸೆಂ.ಮೀ. ಉದ್ದಕ್ಕೆ ಬರೆದು ಎರಡು ಫಲಕ ಕತ್ತರಿಸಿ. ಒಂದೊಂದು ಫಲಕಕ್ಕೂ ರಟ್ಟಿನ ಎರಡೆರಡು ಪದರ. ಒಂದರ ಅಲೆಗೆರೆಗಳು ಉದ್ದಕ್ಕೂ ಇನ್ನೊಂದರವು ಅಡ್ಡಕ್ಕೂ ಇರುವಂತೆ ಅಂಟಿಸಬೇಕು, ಏಕೆಂದರೆ ರಟ್ಟು ಅಲೆಗೆರೆಯ ಜಾಡಿನಲ್ಲಿ ಸುಲಭವಾಗಿ ಮಡಚಿಕೊಳ್ಳುತ್ತದೆ. ಎರಡು ಫಲಕಗಳ ನಡುವೆ 10 ಸೆಂ.ಮೀ. ಅಂತರವಿಟ್ಟು ಹಣೆ, ಮೂಗುಗಳ ಪಟ್ಟಿಯಿಂದ ಜೋಡಿಸಿ. ಕೆಳದವಡೆಯನ್ನು 8 ಸೆಂ.ಮೀ. ಅಗಲದ ಬೇರೊಂದು ಪೆಟ್ಟಿಗೆಯಾಗಿ ಮಾಡಿ ಈ ಫಲಕಗಳ ನಡುವೆ ಸಡಿಲವಾಗಿ ಕೂಡಿಸಿ.

5. ಇನ್ನು ದವಡೆಯ ಕೀಲು. ಕೆಳದವಡೆಯ ಹಿಂಬದಿಯಲ್ಲಿ, ಕೀಲಿನ ರಂಧ್ರದ ನೇರ ಕೆಳಗೆ 3 ಸೆಂ.ಮೀ. ಇಳಿಯುವಂತೆ ಒಂದು ನಾಲಿಗೆಯನ್ನು ಬಿಟ್ಟುಕೊಳ್ಳಿ. ದಾರವನ್ನು ಈ ನಾಲಿಗೆಯ ತುದಿಗೆ ಕಟ್ಟಿ ಕುತ್ತಿಗೆಯೊಳಗಿಂದ ಹಿಂದಕ್ಕೆ, ಸವಾರನ ಕಡೆಗೆ ಒಯ್ಯಬೇಕು. ಕೀಲಿನ ಕೆಳಗಿರುವ ನಾಲಿಗೆ ಹಿಂದಕ್ಕೆ ಸರಿದಾಗ ಕೀಲಿನ ಮುಂದಿರುವ ದವಡೆ ಕೆಳಕ್ಕೆ ಇಳಿಯುತ್ತದೆ, ಬಾಯಿ ತೆರೆಯುತ್ತದೆ. ಅನೇಕರು ದಾರವನ್ನು ದವಡೆಯ ತುದಿಗೇ ಕಟ್ಟಿ ಕೆಳಗಿನಿಂದ ಎಳೆಯುತ್ತಾರೆ. ಆಗ ದಾರ ಪ್ರೇಕ್ಷಕರಿಗೆ ಕಾಣುತ್ತದೆ, ಎಳೆತವೂ ಹತ್ತು ಸೆಂ.ಮೀ. ಬೇಕಾಗುತ್ತದೆ. ಬೋಲ್ಟು ಹಾದುಹೋಗುವಲ್ಲಿ ರಟ್ಟಿನ ಎರಡೂ ಮಗ್ಗುಲಿಗೆ ಡಬ್ಬಿಯ ಮುಚ್ಚಳದ ಪ್ಲಾಸ್ಟಿಕ್ಕಿನ ಚೂರು ಅಂಟಿಸಿ, ಅದರ ಮೇಲೆ ವಾಶರಿಟ್ಟು ಬಿಗಿಯಿರಿ. ಇಲ್ಲವಾದರೆ ರಂಧ್ರ ಸವೆದು ದೊಡ್ಡದಾಗಿ ದವಡೆ ಓಲಾಡುತ್ತದೆ. ಮೊದಲ ನಟ್ಟನ್ನು ದವಡೆ ಸರಾಗವಾಗಿ ಆಡುವಷ್ಟೇ ಬಿಗಿದು, ಎರಡನೆಯದನ್ನು ಅದರ ಮೇಲೆ ಬಲವಾಗಿ ಬಿಗಿದರೆ ಮೊದಲನೆಯದು ಸಡಿಲವಾಗದು. ದವಡೆಯ ಮುಂಭಾಗದಿಂದ ಮೇಲ್ದವಡೆಗೆ ಒಳಗಡೆ ಇಲಾಸ್ಟಿಕ್ಕಿನ ತುಂಡೊಂದನ್ನು ಹೊಲಿಯಿರಿ. ದವಡೆ ತಾನೇ ಮುಚ್ಚುವಷ್ಟು ಬಿಗಿ ಸಾಕು, ಹೆಚ್ಚು ಬೇಡ.

6. ಕುತ್ತಿಗೆ 35 ಸೆಂ.ಮೀ. ಉದ್ದದ ರಟ್ಟಿನ ಕೊಳವೆ. ಅದರೊಳಗೆ ದಾರ ಹಾದುಹೋಗುವ ಹಾದಿಯಲ್ಲಿ ಬಾಲ್‌ಪೆನ್ನಿನ ಕೊಳವೆಗಳನ್ನು ಅಂಟಿಸಿ, ದಾರ ರಟ್ಟಿಗೆ ಉಜ್ಜದಂತೆ ಮಾಡಿ. ದಾರ ತೀವ್ರವಾಗಿ ತಿರುಗಬೇಕಾದ ಕಡೆ ಕೊಳವೆ ಸಾಲದು; ಅಲ್ಲಿ ಸೈಕಲ್ಲಿನ ಬ್ರೇಕ್ ವಯರನ್ನು ಅದರ ಹೊರಕವಚದ ಸಹಿತ ಬಳಸಬಹುದು. ಕವಚದ ಎರಡೂ ತುದಿಗಳನ್ನು ಅಲುಗದಂತೆ ಬಂಧಿಸಿದರೆ ಮಾತ್ರ ಅದು ಕೆಲಸ ಮಾಡುತ್ತದೆ: ಒಳತಂತಿಯನ್ನು ಎಳೆದಾಗ ಕವಚ ಕುಗ್ಗದೆ ಎದುರೊತ್ತುವುದರಿಂದಲೇ ಎಳೆತ ತಿರುವುಗಳನ್ನು ದಾಟಿ ಮುಂದಿನ ತುದಿಯನ್ನು ಮುಟ್ಟುತ್ತದೆ. ಕುತ್ತಿಗೆಯ ಬುಡವನ್ನು ಒಡಲಿನ ಮುಂಗಮಾನುಗಳ ನಡುವೆ ತೂರಿಸಿ, ಕೈಯಿಂದಲೇ ತಿರುಗಿಸಬಹುದಾದ ರೆಕ್ಕೆನಟ್ಟುಗಳಿಂದ ಎರಡು ಕಡೆ ಬಿಗಿಯಿರಿ.

7. ತಲೆದೂಗುವಿಕೆ ಎರಡನೆಯ ಯಂತ್ರ. ತಲೆ ಕುತ್ತಿಗೆಗೆ ಸೇರುವಲ್ಲಿ ಅಡ್ಡಲಾಗಿ ಇನ್ನೊಂದು ಬೋಲ್ಟು ಹಾಕಿ, ತಲೆಯ ಹಿಂಬದಿಯಿಂದ ಕುತ್ತಿಗೆಯ ಬೆನ್ನಿಗೆ ಇಲಾಸ್ಟಿಕ್ ಕಟ್ಟಿ. ಇಲಾಸ್ಟಿಕ್ ಹಿಂದಲೆಯನ್ನು ಕೆಳಗೆ ಜಗ್ಗಿ ಮೂತಿಯನ್ನು ಎತ್ತಿಹಿಡಿಯುತ್ತದೆ. ಬಾಯಿಯ ಎರಡು ಬದಿಗೆ ಕಟ್ಟಿದ ಲಗಾಮನ್ನು ಮಗು ಎಳೆದಾಗ ಮೂತಿ ಎದೆಗೆ ಬಾಗುತ್ತದೆ. ಮೊದಲ ಸಲ ಮಾಡುವವರು ದವಡೆ ಅಥವಾ ತಲೆ, ಇವೆರಡರಲ್ಲಿ ಒಂದನ್ನೇ ಆರಿಸಿಕೊಳ್ಳಲಿ. ಸಭೆಯ ಕೊನೆಯ ಸಾಲಿನವರೆಗೂ ಕಾಣುವ ಒಂದು ಚಲನೆ, ಯಾರಿಗೂ ಕಾಣದ ಮೂರು ಚಲನೆಗಳಿಗಿಂತ ಮೇಲು.

8. ತಲೆ, ಕುತ್ತಿಗೆಗಳ ಮೇಲೆ ಕಾಗದದ ಪದರ. ಒಂದು ಬಟ್ಟಲು ಮೈದಾವನ್ನು ಐದು ಬಟ್ಟಲು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಅರೆಪಾರದರ್ಶಕವಾಗುವ ತನಕ ಕಾಯಿಸಿ ಆರಿಸಿ. ಕಾಗದವನ್ನು ಕತ್ತರಿಸಬೇಡಿ, ಹರಿಯಿರಿ. ಹರಿದ ಅಂಚಿನ ನಾರು ತೆಳುವಾಗಿ ಮುಂದಿನ ಚೂರಿನೊಳಗೆ ಬೆಸೆದುಕೊಳ್ಳುವುದರಿಂದ ಗೆರೆ ಉಳಿಯುವುದಿಲ್ಲ. ಮೂರು ಪದರ ಸಾಕು, ಒಂದು ಪದರ ಪೂರ್ಣ ಒಣಗಿದ ಮೇಲೆಯೇ ಮತ್ತೊಂದು. ಅಂಟಿಗೆ ಹುಳು ಹಿಡಿಯದಿರಲೆಂದು ಮೈಲುತುತ್ತ ಬೆರೆಸುವ ಹಳೆಯ ರೂಢಿಯೊಂದಿದೆ; ಅದು ವಿಷವಾದುದರಿಂದ ಮಕ್ಕಳ ವಸ್ತುವಿಗೆ ಸಲ್ಲದು. ಕೀಲಿನ ಸುತ್ತ ಒಂದು ಬೆರಳಗಲ ಕಾಗದ ಅಂಟಿಸದೆ ಬಿಡುವುದನ್ನು ಮರೆಯಬೇಡಿ.

9. ಬಣ್ಣ, ಬಟ್ಟೆ, ಬಾಲ. ಬಟ್ಟೆಯ ನೆರಿಗೆ ಒಡಲಿನ ಹೊರಬಳೆಯಿಂದ ಇಳಿದು ನೆಲಕ್ಕೆ ಹತ್ತು ಸೆಂ.ಮೀ. ಮೇಲೆ ನಿಲ್ಲಬೇಕು. ಕೇಸರಕ್ಕೂ ಬಾಲಕ್ಕೂ ಉಣ್ಣೆಯ ದಾರ ಹಗುರ. ಬಾಲದ ಬುಡವನ್ನು ಬಾಗುವ ಬೆತ್ತದ ತುಂಡಿಗೆ ಕಟ್ಟಿದರೆ ಮಗುವಿನ ಹೆಜ್ಜೆಗೆ ಅದು ತಾನಾಗಿಯೇ ಬೀಸುತ್ತದೆ. ಅದಕ್ಕೆ ಯಂತ್ರವೇ ಬೇಡ.

ಒಣಗಿಸುವ ಕಾಲ

ಕಾಂದಿವಲಿಯ ಗೃಹಿಣಿಯರಿಗೆ ಹೇಳಬೇಕಾದುದಿಲ್ಲ, ಆಗಸ್ಟಿನಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ. ಗೋಕುಲಾಷ್ಟಮಿಗೆ ವೇಷ ಬೇಕಾದವರು ಕಾಗದದ ಕೆಲಸವನ್ನು ಬಿಟ್ಟು, ರಟ್ಟಿನ ಮೇಲೆ ನೇರವಾಗಿ ಹತ್ತಿಬಟ್ಟೆಯನ್ನು ಫೆವಿಕಾಲಿನಿಂದ ಅಂಟಿಸುವುದು ಕ್ಷೇಮ. ಒದ್ದೆ ಉಳಿದ ಮೈದಾ ಅಂಟಿಗೆ ಬೂಷ್ಟು ಹಿಡಿದು, ಬಣ್ಣದ ಅಡಿಯಿಂದಲೂ ವಾಸನೆ ಬರುತ್ತದೆ. ನವೆಂಬರ್, ಡಿಸೆಂಬರಿನ ಸಮಾರಂಭಗಳಿಗೆ ಈ ತೊಂದರೆಯಿಲ್ಲ. ಆದರೂ ಮೂರು ವಾರ ಮೊದಲೇ ಆರಂಭಿಸಬೇಕು. ಕೆಲಸಕ್ಕೆ ಅಷ್ಟು ಕಾಲ ಬೇಕಾಗಿಲ್ಲ. ಒಣಗುವುದಕ್ಕೂ ಮಗುವಿನ ಅಭ್ಯಾಸಕ್ಕೂ ಬೇಕು.

ಎಚ್ಚರಿಕೆಗಳು

ಲಗಾಮು ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳುವಷ್ಟು ಉದ್ದದ ಕುಣಿಕೆಯಾಗಿರಬಾರದು. ಎರಡು ತುದಿಗಳನ್ನು ಗಂಟು ಹಾಕದೆ ವೆಲ್ಕ್ರೊ ಪಟ್ಟಿಯಿಂದ ಸೇರಿಸಿದರೆ ಎಲ್ಲಿಯಾದರೂ ಸಿಕ್ಕಿಕೊಂಡಾಗ ತಾನೇ ಬಿಟ್ಟುಕೊಳ್ಳುತ್ತದೆ. ವೇಷದ ಯಾವ ಭಾಗವನ್ನೂ ಕೊರಳಿಗೆ ಕಟ್ಟಬಾರದು; ಭಾರವೆಲ್ಲ ಭುಜದ ಮೇಲೆಯೇ ಇರತಕ್ಕದ್ದು.

ಯಾರ ಸಹಾಯವೂ ಇಲ್ಲದೆ ಬಕ್ಕಲುಗಳನ್ನು ಬಿಚ್ಚಿ ವೇಷದಿಂದ ಹೊರಬರುವುದನ್ನು ಮಗುವಿಗೆ ಕಲಿಸಿರಿ. ನೆರೆದ ಸಭೆಯಲ್ಲಿ, ಇಕ್ಕಟ್ಟಾದ ನೇಪಥ್ಯದಲ್ಲಿ ಈ ಒಂದು ಅಭ್ಯಾಸ ಉಳಿದೆಲ್ಲ ಎಚ್ಚರಿಕೆಗಳಿಗಿಂತ ಹೆಚ್ಚು ಪ್ರಯೋಜನಕಾರಿ. ಇಂಥ ಸಮಾರಂಭಗಳು ದೀಪಪ್ರಜ್ವಲನದಿಂದ ಆರಂಭವಾಗುತ್ತವೆ, ಆ ದೀಪಸ್ತಂಭ ಬಹುಶಃ ವೇದಿಕೆಯ ಅಂಚಿನಲ್ಲಿಯೇ ಉರಿಯುತ್ತಿರುತ್ತದೆ. ಕಾಗದ, ಬಿದಿರು, ಬಟ್ಟೆ, ಉಣ್ಣೆ ಇವೆಲ್ಲ ಉರಿಯುವ ವಸ್ತುಗಳು. ನಡುವಿನಿಂದ ಆಚೆಗೆ ಒಂದು ಮೊಳ ಚಾಚಿಕೊಂಡಿರುವ ತನ್ನ ಗಾತ್ರದ ಅರಿವು ಮಗುವಿಗೆ ಇರುವುದಿಲ್ಲ. ಮಗು ವೇದಿಕೆಗೆ ಬರುವ ಮುನ್ನ ದೀಪವನ್ನು ದೂರ ಸರಿಸುವಂತೆ ವ್ಯವಸ್ಥಾಪಕರನ್ನು ಕೇಳಿಕೊಳ್ಳಲು ಸಂಕೋಚಪಡಬಾರದು.

ಕಣ್ಣಿಗೆ ಎಲ್.ಇ.ಡಿ. ದೀಪ ಬೇಕೆಂದು ಮಗು ಹಟ ಹಿಡಿದರೆ ಎರಡು ಪೆನ್ಸಿಲ್ ಸೆಲ್ಲುಗಳ, ಸ್ಕ್ರೂ ಹಾಕಿದ ಮುಚ್ಚಳವಿರುವ ಡಬ್ಬಿಯನ್ನು ಬಳಸಿರಿ. ಗುಂಡಿಯಾಕಾರದ ಚಿಕ್ಕ ಸೆಲ್ಲುಗಳು ಮನೆಯ ಎಳೆಯ ಮಕ್ಕಳ ಬಾಯಿಗೆ ಹೋದರೆ ಅನ್ನನಾಳವನ್ನು ಸುಡುವಷ್ಟು ಅಪಾಯಕಾರಿ. ಬಿದಿರ ಸಿಬಿರುಗಳನ್ನು ಮರಳುಕಾಗದದಿಂದ ಉಜ್ಜಿ ತೆಗೆಯಿರಿ. ತಂತಿಯ ತುದಿಗಳನ್ನು ಒಳಕ್ಕೆ ಮಡಿಸಿ ಬಟ್ಟೆಯ ಟೇಪಿನಿಂದ ಸುತ್ತಿರಿ. ಕಾಯಿಸಿದ ಅಂಟನ್ನು ಹೊರಹಾಕುವ ಗ್ಲೂ ಗನ್ನನ್ನು ಮಗುವಿನ ಕೈಗೆ ಕೊಡಬಾರದು. ಬಣ್ಣ ಬಳಿಯುವುದು, ಕಾಗದ ಹರಿಯುವುದು, ಕೇಸರದ ಉಣ್ಣೆಯನ್ನು ಕತ್ತರಿಸುವುದು ಮಗುವಿನ ಪಾಲಿನ ಕೆಲಸ. ಅದನ್ನು ದೊಡ್ಡವರು ಕಸಿದುಕೊಳ್ಳಕೂಡದು.

ಐದು ವರ್ಷಕ್ಕೆ ಕೆಳಗಿನ ಮಕ್ಕಳಿಗೆ ದಾರದ ಯಂತ್ರ ಬೇಡ. ಕಾಲು ಒಂದು ಲಯದಲ್ಲಿ, ಬೆರಳು ಇನ್ನೊಂದು ಲಯದಲ್ಲಿ ಆಡುವುದು ಆ ವಯಸ್ಸಿಗೆ ಕಠಿನ. ಬೀಸುವ ಬಾಲ, ಅಲುಗುವ ಕಿವಿ ಅವರಿಗೆ ಸಾಕಷ್ಟು ಆನಂದ ಕೊಡುತ್ತವೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಅತ್ಯಂತ ಸಾಮಾನ್ಯವಾದ ತಪ್ಪು, ಅಂದವನ್ನು ಮೊದಲು ಮಾಡಿ ಯಂತ್ರವನ್ನು ಆಮೇಲೆ ಕೂಡಿಸುವುದು. ಬಣ್ಣ, ಜರಿ, ಮಣಿಗಳೆಲ್ಲ ಮುಗಿದ ತಲೆಯೊಳಗೆ ಕೈ ಹಾಕಿ ದಾರ ಕಟ್ಟುವುದು ಯಾರಿಂದಲೂ ಆಗದು. ಬರಿಯ ರಟ್ಟಿನ ತಲೆ ನೂರು ಬಾರಿ ಬಾಯಿ ತೆರೆದು ಮುಚ್ಚಿದ ಬಳಿಕವೇ ಅದರ ಮೇಲೆ ಮೊದಲ ಕಾಗದ ಬೀಳಬೇಕು. ಸವೆಯುವುದೆಲ್ಲ ಆ ನೂರರಲ್ಲಿ ಸವೆದು ನಿಮ್ಮ ಕಣ್ಣಿಗೆ ಬೀಳುತ್ತದೆ.

ಸಮತೋಲವನ್ನು ಮಗುವಿನ ಮೈಮೇಲೆ ಪರೀಕ್ಷಿಸುವುದು ಇನ್ನೊಂದು ತಪ್ಪು. ಮಗು ತಾನೇ ಹಿಂದಕ್ಕೆ ಬಾಗಿ ಮುಂಭಾರವನ್ನು ಸರಿದೂಗಿಸಿಕೊಂಡು ಚೆನ್ನಾಗಿದೆಯೆನ್ನುತ್ತದೆ. ಹತ್ತು ನಿಮಿಷದ ಮೇಲೆ ಬೆನ್ನುನೋವೆನ್ನುತ್ತದೆ. ವೇಷವನ್ನು ಪಟ್ಟಿಗಳ ಸಹಿತ ಬಾಗಿಲ ಮೇಲಿನ ಕೊಕ್ಕೆಗೆ ತೂಗುಹಾಕಿ ನೋಡಿರಿ. ಮುಂದೆ ಬಾಗಿದರೆ ತಲೆಯ ತೂಕ ಇಳಿಸಬೇಕು ಅಥವಾ ಬಾಲವನ್ನು ಹಿಂದಕ್ಕೆ ಚಾಚಬೇಕು. ಮುಂದಿನ ಪಟ್ಟಿಯನ್ನು ಬಿಗಿದು ಹಂದರವನ್ನು ಎತ್ತಿದರೆ ನೋಡುವವರಿಗೆ ಸಮನಾಗಿ ಕಾಣುತ್ತದೆ, ಭುಜಕ್ಕೆ ಸಮನಾಗುವುದಿಲ್ಲ.

ಸವಾರನ ಸುಳ್ಳುಕಾಲುಗಳನ್ನು ಹೊಲಿದು ಪಕ್ಕಗಳಲ್ಲಿ ಜೋತುಬಿಡುವವರಿದ್ದಾರೆ. ನೋಟಕ್ಕೆ ಚೆಂದವೇ, ಆದರೆ ಅರಳೆ ತುಂಬಿದ ಆ ಎರಡು ಕಾಲುಗಳ ತೂಕದಲ್ಲಿ ಒಂದು ತಲೆಯನ್ನು ಮಾಡಬಹುದು. ಬಿಡುವುದೇ ಲೇಸು.

ಕೊನೆಯದಾಗಿ, ಅಭ್ಯಾಸವಿಲ್ಲದೆ ವೇದಿಕೆಗೆ ಕಳುಹಿಸುವುದು. ವೇಷವನ್ನು ತೊಟ್ಟು ನಡೆಯುವಾಗ ಹಂದರ ಹೆಜ್ಜೆಗಿಂತ ಕ್ಷಣಮಾತ್ರ ತಡವಾಗಿ ತೂಗುತ್ತದೆ. ಆ ತೂಗಾಟಕ್ಕೆ ಮಗುವಿನ ಮೈ ಒಗ್ಗಬೇಕು. ಮೊದಲು ನಡಿಗೆ ಮಾತ್ರ, ಮರುದಿನ ನಾಗಾಲೋಟದ ಹೆಜ್ಜೆ, ಅದಾದ ಮೇಲೆ ಲಗಾಮು. ಕಟ್ಟಡದ ಆವರಣದಲ್ಲಿ ಸಂಜೆ ಆಡುವ ಮಕ್ಕಳ ನಡುವೆ ಒಂದೆರಡು ಸುತ್ತು ಹಾಕಿಸಿದರೆ ಸಭಾಕಂಪನವೂ ಅ‌ಲ್ಲಿಯೇ ಕಳೆಯುತ್ತದೆ.

ಕುದುರೆಯ ದವಡೆಗೆ ಹೇಳಿದ ಉಪಾಯವೇ ಜಟಾಯುವಿನ ಕೊಕ್ಕಿಗೂ ಗರುಡನ ಕೊಕ್ಕಿಗೂ ಒಪ್ಪುತ್ತದೆಯೆಂಬುದನ್ನು ಪೌರಾಣಿಕ ವೇಷಗಳಲ್ಲಿ ಆಸಕ್ತಿಯುಳ್ಳವರು ಗಮನಿಸಬಹುದು. ಪಕ್ಷಿಯ ಕೊಕ್ಕು ಕುದುರೆಯ ದವಡೆಗಿಂತ ಹಗುರವಾದುದರಿಂದ ಕೆಲಸ ಇನ್ನೂ ಸುಲಭ; ಆದರೆ ಅದನ್ನು ಮಗುವಿನ ತಲೆಯ ಮೇಲೆ ಕಿರೀಟದಂತೆ ಕೂಡಿಸಬೇಕು, ಮುಖದ ಮುಂದೆ ಕೂಡಿಸಬಾರದು.

ಸ್ಪರ್ಧೆಯ ದಿನ ಒಂದು ಚಿಕ್ಕ ಚೀಲದಲ್ಲಿ ಬಿಡಿ ದಾರ, ಇಲಾಸ್ಟಿಕ್, ಎರಡು ನಟ್ಟು, ಬಟ್ಟೆಯ ಟೇಪು, ಕತ್ತರಿ, ಸೂಜಿ ಇರಲಿ. ವೇಷ ತೊಡಿಸುವ ಮೊದಲು ಮಗುವನ್ನು ಶೌಚಾಲಯಕ್ಕೆ ಕರೆದೊಯ್ಯಿರಿ, ನೀರು ಕುಡಿಸಿರಿ; ಸರದಿಗೆ ಬಹಳ ಮುಂಚೆ ತೊಡಿಸಿ ಕಾಯಿಸಬೇಡಿ. ಮುಗಿದ ಮೇಲೆ ಕುದುರೆಯನ್ನು ನೆಲದ ಮೇಲಿಡದೆ ಗೋಡೆಯ ಕೊಕ್ಕೆಗೆ ತೂಗುಹಾಕಿ, ಮಳೆಗಾಲದಲ್ಲಿ ಆಗಾಗ ಬಿಸಿಲು ಕಂಡಾಗ ಕಿಟಕಿಯ ಬಳಿ ಇಟ್ಟರೆ ಅದು ಮುಂದಿನ ವರ್ಷಕ್ಕೂ ಉಳಿಯುತ್ತದೆ. ನಿಮ್ಮ ಮಗು ಬೆಳೆದು ಅದು ಚಿಕ್ಕದಾದಾಗ, ಸಂಘದ ಸಮಾರಂಭಕ್ಕೆಂದು ಇನ್ನೊಂದು ಮನೆಯವರು ಕೇಳಿದರೆ ಸಂತೋಷದಿಂದ ಕೊಡಿರಿ; ಆದರೆ ಕೊಡುವ ಮುನ್ನ ಭುಜದ ಪಟ್ಟಿಗಳನ್ನು ಆ ಮಗುವಿನ ಅಳತೆಗೆ ಸರಿಪಡಿಸಿ, ಕೀಲಿನ ನಟ್ಟುಗಳನ್ನು ನಿಮ್ಮ ಕೈಯಿಂದಲೇ ಮತ್ತೊಮ್ಮೆ ಬಿಗಿದು ನೋಡಿರಿ.